ದಾರದ ಮಾತು

ಶಿವಮೊಗ್ಗ ಬಿಟ್ಟ ರೈಲು ಭದ್ರಾವತಿ ದಾಟಿ ತರೀಕೆರೆ ಸಮೀಪಿಸುವಾಗ ಕಿಟಕಿಯೊಳಕ್ಕೆ ಅಡಿಕೆ ತೋಟದ ತಂಪು ನುಗ್ಗುತ್ತದೆ. ಬೀರೂರಿನಲ್ಲಿ ಹಳಿ ಕವಲೊಡೆದು ಒಂದು ಅಜ್ಜಂಪುರದ ಹೊಲಗಳತ್ತ ತಿರುಗಿದರೆ, ಇನ್ನೊಂದು ತೆಂಗಿನ ಸೀಮೆ ಕಡೂರಿಗೆ. ಅಲ್ಲಿಂದ ಚಿಕ್ಕಮಗಳೂರಿಗೂ 2013ರಲ್ಲಿ ರೈಲು ಬಂತು. ಈ ದಾರಿಯ ಒಂದು ತುದಿಯಲ್ಲಿ ಶಿವಮೊಗ್ಗದ ಶಾರದಾದೇವಿ ಅಂಧರ ಶಾಲೆ, ಇನ್ನೊಂದು ತುದಿಯಲ್ಲಿ ಚಿಕ್ಕಮಗಳೂರಿನ ಆಶಾಕಿರಣ ಅಂಧರ ಶಾಲೆ. ನಡುವಿನ ಊರುಗಳ ಕಣ್ಣು ಕಾಣದ ಮಗು ಅಕ್ಷರಕ್ಕೆ ಹೊರಟರೆ ಈ ಶಾಲೆಗಳತ್ತ ಬರಬಹುದು.

ಇಂಥ ಶಾಲೆಗಳ ಅಂಗಳದಲ್ಲಿ ಆಟ ಕಿವಿಗೆ ಬೀಳುತ್ತದೆ. ಗಟ್ಟಿ ಪ್ಲಾಸ್ಟಿಕ್ ಚೆಂಡಿನೊಳಗೆ ಉಕ್ಕಿನ ಗುಂಡುಗಳು ಗಲಗಲ ಎನ್ನುತ್ತವೆ. ಬೌಲರ್ 'ರೆಡಿ?' ಎಂದು ಕೂಗಿ, ಬ್ಯಾಟು ಹಿಡಿದವನ 'ಯೆಸ್' ಕೇಳಿಸಿಕೊಂಡು, 'ಪ್ಲೇ' ಎನ್ನುತ್ತಾ ಕೈಯನ್ನು ಕೆಳಗಿನಿಂದ ಬೀಸಿ ಚೆಂಡೆಸೆಯುತ್ತಾನೆ. ಬ್ಯಾಟ್ಸ್‌ಮನ್ ಮಂಡಿಯೂರಿ ಸ್ವೀಪ್ ಮಾಡುತ್ತಾನೆ. ಪೂರ್ತಿ ಕಾಣದವನು ಹೊಡೆದ ಒಂದು ರನ್ನಿಗೆ ಲೆಕ್ಕ ಎರಡು. ಕ್ರಿಕೆಟ್ ಆಡಿದ ಕೈಯೇ ಆಮೇಲೆ ಚೆಸ್ ಮಣೆಯ ಉಬ್ಬಿದ ಕಪ್ಪು ಚೌಕಗಳನ್ನು ತಡವುತ್ತದೆ, ಅದೇ ಕಾಲು ಓಟಕ್ಕೂ ನಿಲ್ಲುತ್ತದೆ. ಶಿವಮೊಗ್ಗದ ಶಾಲೆಯಲ್ಲಿ ಈ ಗಲಗಲ ಕೇಳುತ್ತ ಬೆಳೆದ ಶೇಖರ್ ನಾಯ್ಕ್ 2012ರಲ್ಲಿ ಭಾರತಕ್ಕೆ ಅಂಧರ ಟಿ20 ವಿಶ್ವಕಪ್ ಗೆದ್ದುಕೊಟ್ಟ ನಾಯಕ. 2017ರಲ್ಲಿ ಅವರಿಗೆ ಪದ್ಮಶ್ರೀ ಬಂತು.

ನನ್ನ ಮನಸ್ಸು ಹೆಚ್ಚು ಹೊತ್ತು ನಿಲ್ಲುವುದು ಮಾತ್ರ ಆ ಇನ್ನೊಂದು ತುದಿಯಲ್ಲಿ, ಆಶಾಕಿರಣದಲ್ಲಿ ಓದಿದ ಓಟಗಾರ್ತಿ ರಕ್ಷಿತಾ ರಾಜು ಅವರ ಬಳಿ. ಹುಟ್ಟಿನಿಂದಲೇ ಕಣ್ಣಿಲ್ಲ. ಚಿಕ್ಕಂದಿನಲ್ಲೇ ಅಪ್ಪ, ಅಮ್ಮ ಇಬ್ಬರೂ ಹೋದರು. ಸಾಕಿದ ಅಜ್ಜಿಗೆ ಕಿವಿ ಕೇಳದು, ಮಾತು ಬಾರದು. ಅಜ್ಜಿಯ ಸನ್ನೆ ಮೊಮ್ಮಗಳಿಗೆ ಕಾಣದು, ಮೊಮ್ಮಗಳ ಕೂಗು ಅಜ್ಜಿಗೆ ಮುಟ್ಟದು. ಆ ಮನೆಯಲ್ಲಿ ಹಸಿವು, ಮುನಿಸು, ಮುದ್ದು ಎಲ್ಲವೂ ಕೈಯಿಂದ ಕೈಗೇ ದಾಟಿರಬೇಕು.

ಟ್ರ್ಯಾಕಿನ ಮೇಲೂ ಅವರದು ಕೈಯ ಮಾತೇ. ಅಂಧರ ಟಿ11 ವಿಭಾಗದಲ್ಲಿ ಎಲ್ಲ ಓಟಗಾರರ ಕಣ್ಣಿಗೂ ಕಪ್ಪು ಪಟ್ಟಿ. ಓಟಗಾರ್ತಿಯ ಕೈಗೂ ಗೈಡ್ ರನ್ನರ್ ಕೈಗೂ ನಡುವೆ ಒಂದು ಗೇಣಿನ ದಾರ. ಅವರ ಕೋಚ್ ರಾಹುಲ್ ಬಾಲಕೃಷ್ಣ ಅವರೇ ಗೈಡ್ ಕೂಡ. ಇಬ್ಬರ ತೋಳೂ ಒಂದೇ ಲಯದಲ್ಲಿ ಬೀಸಬೇಕು, ಹೆಜ್ಜೆ ಜೊತೆಗೇ ಬೀಳಬೇಕು. ತಿರುವು ಬಂತು, ಎದುರಾಳಿ ಪಕ್ಕಕ್ಕೆ ಬಂದಳು ಎಂಬುದನ್ನೆಲ್ಲ ಏದುಸಿರಿನ ಒಂದೆರಡು ಪದದಲ್ಲಿ ಗೈಡ್ ಹೇಳುತ್ತಾರೆ. ದಾರ ಜಗ್ಗಿ ಎಳೆಯುವಂತಿಲ್ಲ. ಮೂರೂ ಮುಕ್ಕಾಲು ಸುತ್ತು ಹೀಗೆ ಓಡಿದರೆ 1500 ಮೀಟರ್.

2018ರಲ್ಲಿ ಜಕಾರ್ತಾದ ಏಷ್ಯನ್ ಪ್ಯಾರಾ ಗೇಮ್ಸ್‌ನಲ್ಲಿ ಆ ದೂರಕ್ಕೆ ಚಿನ್ನ. 2023ರಲ್ಲಿ ಹಾಂಗ್‌ಝೌನಲ್ಲಿ ಮತ್ತೆ ಚಿನ್ನ. 2024ರಲ್ಲಿ ಪ್ಯಾರಿಸ್ ಪ್ಯಾರಾಲಿಂಪಿಕ್ಸ್. ಅಲ್ಲಿ ಫೈನಲ್ ಸಿಗಲಿಲ್ಲ. ಅಲ್ಲಿಯವರೆಗೆ ಭಾರತದ ಯಾವ ಅಂಧ ಮಹಿಳೆಯೂ ಪ್ಯಾರಾಲಿಂಪಿಕ್ಸ್‌ನಲ್ಲಿ 1500 ಮೀಟರ್ ಓಡಿರಲಿಲ್ಲ ಎಂಬುದು ನನಗೆ ಪದಕಕ್ಕಿಂತ ಕಡಿಮೆ ಸುದ್ದಿಯಲ್ಲ.

ಗೈಡ್ ಮೊದಲು ಗೆರೆ ದಾಟಿದರೆ ಓಟಗಾರ್ತಿ ಅನರ್ಹ. ಆದ್ದರಿಂದ ಕೊನೆಯ ಹೆಜ್ಜೆಗಳಲ್ಲಿ ರಾಹುಲ್ ಅಷ್ಟಿಷ್ಟೇ ಹಿಂದೆ ಉಳಿಯುತ್ತಾರೆ. ದಾರ ಬಿಗಿಯಾಗುತ್ತದೆ. ರಕ್ಷಿತಾ ಎದೆ ಮುಂದೆ ಮಾಡಿ ಗೆರೆಯ ಮೇಲೆ ಬೀಳುತ್ತಾರೆ.