ನಿಮಗಿದು ಗೊತ್ತೆ? ಗ್ರೀಸ್ ದೇಶದ ಕನಸು ಚಿಗುರಿದ್ದು ಗ್ರೀಸಿನ ಹೊರಗೆ!

ಗ್ರೀಸಿನ ಸ್ವಾತಂತ್ರ್ಯಕ್ಕಾಗಿ ದುಡಿದ ‘ಫಿಲಿಕಿ ಎಟೇರಿಯಾ’ ಎಂಬ ಗುಪ್ತ ಸಂಘ 1814ರಲ್ಲಿ ಹುಟ್ಟಿದ್ದು ಅಥೆನ್ಸ್‌ನಲ್ಲಲ್ಲ, ಕಪ್ಪು ಸಮುದ್ರದ ದಂಡೆಯಲ್ಲಿರುವ ಒಡೆಸಾ ಬಂದರಿನಲ್ಲಿ. ಅದನ್ನು ಕಟ್ಟಿದವರು ಮೂವರು ವಲಸಿಗ ಗ್ರೀಕರು. 1821ರಲ್ಲಿ ಆಟೊಮನ್ ಆಳ್ವಿಕೆಯ ವಿರುದ್ಧ ದಂಗೆ ಎದ್ದದ್ದು ಇದರ ಬೆನ್ನಿಗೇ. ಅಂದರೆ ಇಲ್ಲಿ ವಲಸೆ ಮೊದಲು, ರಾಷ್ಟ್ರ ಆಮೇಲೆ. ಹೀಗಿರುವಾಗ, ಜಾಗತೀಕರಣದ ಹೊಡೆತಕ್ಕೆ ಗ್ರೀಕರ ಅಸ್ಮಿತೆ ಕರಗಿಹೋಗುತ್ತದೆ ಎಂಬ ಆತಂಕವನ್ನು ಇಡಿಯಾಗಿ ಒಪ್ಪಲಾಗದು. ಚದುರಿ ಬದುಕುವುದು ಅವರಿಗೆ ಹೊಸತೇನಲ್ಲ.

ವಲಸಿಗರ ಮೊಮ್ಮಕ್ಕಳಿಗೆ ಗ್ರೀಕ್ ಭಾಷೆಯೇ ಬಾರದಿದ್ದರೆ ಉಳಿಯುವುದೇನು ಎಂದು ಕೇಳಬಹುದು. ಅಮೆರಿಕದ ಫ್ಲಾರಿಡಾದಲ್ಲಿರುವ ಟಾರ್ಪನ್ ಸ್ಪ್ರಿಂಗ್ಸ್ ಪಟ್ಟಣವನ್ನು ನೋಡಿ. ಕಡಲಾಳದ ಸ್ಪಂಜು ತೆಗೆಯಲು ಕಲಿಮ್ನೋಸ್ ಮೊದಲಾದ ಗ್ರೀಕ್ ದ್ವೀಪಗಳ ಮುಳುಗುಗಾರರು ಶತಮಾನದ ಹಿಂದೆ ಅಲ್ಲಿ ನೆಲೆಸಿದರು. ಇಂದಿಗೂ ಪ್ರತಿ ಜನವರಿ 6ರಂದು ಧರ್ಮಗುರು ನೀರಿಗೆಸೆದ ಮರದ ಶಿಲುಬೆಗಾಗಿ ಹದಿಹರೆಯದ ಹುಡುಗರು ಧುಮುಕುತ್ತಾರೆ. ಅದು ಸಿಕ್ಕವನಿಗೆ ವರ್ಷವಿಡೀ ಶುಭ ಎಂಬುದು ನಂಬಿಕೆ. ಹಬ್ಬವೊಂದೇ ಅಸ್ಮಿತೆಯಲ್ಲ ಎಂಬ ಆಕ್ಷೇಪ ಸರಿಯೇ. ಆದ್ದರಿಂದಲೇ ಸಂಸ್ಥೆಗಳು ಮುಖ್ಯ. 1897ರಲ್ಲಿ ಸ್ಥಾಪನೆಯಾದ ಮೆಲ್ಬರ್ನ್‌ನ ಗ್ರೀಕ್ ಸಮುದಾಯ ಸಂಘ ಇಂದಿಗೂ ಭಾಷಾಶಾಲೆಗಳನ್ನು ನಡೆಸುತ್ತಿದೆ. 2024ರ ಯುರೋಪಿಯನ್ ಸಂಸತ್ ಚುನಾವಣೆಯಲ್ಲಿ ಗ್ರೀಸ್ ಮೊದಲ ಬಾರಿಗೆ ಅಂಚೆ ಮತದಾನ ಜಾರಿಗೆ ತಂದಿತು. ಹೊರನಾಡಿನಲ್ಲಿರುವ ಮತದಾರರೂ ಮನೆಯಿಂದಲೇ ಮತ ಹಾಕಿದರು. ಶಾಲೆ, ಹಬ್ಬ, ಮತ ಈ ಮೂರೂ ಕೈಗೂಡಿದರೆ ದೂರ ದೊಡ್ಡ ಅಡ್ಡಿಯಲ್ಲ. ಇವು ತಪ್ಪಿದರೆ ಅಥೆನ್ಸ್‌ನಲ್ಲಿದ್ದರೂ ಅಸ್ಮಿತೆ ಸೊರಗೀತು.