ಯಲಹಂಕದಿಂದ ಹೊರಟ ಹಾದಿ

ಬಳ್ಳಾರಿ ರಸ್ತೆಗೆ ಸದಾ ಅವಸರ. ವಿಮಾನ ಹಿಡಿಯುವವರ ಗಡಿಬಿಡಿ ಹೆಬ್ಬಾಳದಲ್ಲೇ ಶುರುವಾಗಿಬಿಡುತ್ತದೆ. ಆದರೆ ಯಲಹಂಕದಿಂದ ಕವಲೊಡೆದು ದೊಡ್ಡಬಳ್ಳಾಪುರ, ಗೌರಿಬಿದನೂರು ಹಾಯ್ದು ಆಂಧ್ರದ ಹಿಂದೂಪುರದತ್ತ ಸಾಗುವ ರಾಜ್ಯ ಹೆದ್ದಾರಿ 9ರ ಸ್ವಭಾವವೇ ಬೇರೆ. ಕೆರೆ, ತೋಪು, ಗುಡ್ಡ, ಗುಡಿ ಎಲ್ಲವನ್ನೂ ಮಾತನಾಡಿಸಿಕೊಂಡು ಹೋಗುವ ರಸ್ತೆ ಇದು. ಗುಂತಕಲ್ ಕಡೆಯ ರೈಲು ಹಳಿಯೂ ಬಹುದೂರ ಇದರ ಜೊತೆಗಾರ.

ಯಲಹಂಕ ನಾಡಪ್ರಭುಗಳ ಊರಿನಿಂದ ಹೊರಟರೆ ಮೊದಲು ಸಿಗುವುದು ರೈಲ್ವೆ ಗಾಲಿ ಕಾರ್ಖಾನೆ. 1984ರಲ್ಲಿ ಆರಂಭವಾದದ್ದು. ಸಮೀಪದಲ್ಲೇ ಪುಟ್ಟೇನಹಳ್ಳಿ ಕೆರೆ. 2015ರಲ್ಲಿ ಇದನ್ನು ಪಕ್ಷಿ ಸಂರಕ್ಷಣಾ ಮೀಸಲು ಪ್ರದೇಶವೆಂದು ಘೋಷಿಸಲಾಯಿತು. ಅದನ್ನು ದಾಟಿದರೆ ಜಾರಕಬಂಡೆ ಕಾವಲ್, ಸಿಂಗನಾಯಕನಹಳ್ಳಿ, ರಾಜಾನುಕುಂಟೆ. 'ಕಾವಲ್' ಎಂದರೆ ದನಕರು ಮೇಯಲೆಂದು ಕಾದಿಟ್ಟ ಹುಲ್ಲುಗಾವಲು. ಆ ಹೆಸರು ಉಳಿದಿದೆ, ಆದರೆ ನೆಲದ ಮೇಲೆ ಎದ್ದು ಕಾಣುವುದು ನೀಲಗಿರಿ.

ನೀಲಗಿರಿ ಮರ ಭಾರತಕ್ಕೆ ಮೊದಲು ಬಂದದ್ದು ಇಲ್ಲಿಗೆ ಹತ್ತಿರದ ನಂದಿಬೆಟ್ಟಕ್ಕೆ, 1790ರ ಸುಮಾರಿನಲ್ಲಿ ಟಿಪ್ಪು ಸುಲ್ತಾನನ ಕಾಲದಲ್ಲಿ ಎಂಬುದು ಪ್ರಚಲಿತವಾದ ಮಾತು. ಬೇಗ ಬೆಳೆದು ಕಾಸು ತರುವ ಮರ ಎಂದು ರೈತರೂ ಹೊಲಕ್ಕೆ ಹಾಕಿದರು. ಅಂತರ್ಜಲಕ್ಕೆ ಕುತ್ತು ಎಂಬ ದೂರು ಬೆಳೆದು, 2017ರಲ್ಲಿ ರಾಜ್ಯ ಸರ್ಕಾರ ಹೊಸದಾಗಿ ನೀಲಗಿರಿ ನೆಡುವುದನ್ನೇ ನಿಷೇಧಿಸಿತು.

ನೀರಿನ ಚಿಂತೆ ಇಲ್ಲಿ ಸುಮ್ಮನೆ ಬಂದದ್ದಲ್ಲ. ನಂದಿಬೆಟ್ಟದಲ್ಲಿ ಹುಟ್ಟುವ ಅರ್ಕಾವತಿ ದೊಡ್ಡಬಳ್ಳಾಪುರದ ಸೀಮೆಯ ಕೆರೆಗಳನ್ನು ತುಂಬಿಸಿಕೊಂಡೇ ಹೆಸರಘಟ್ಟಕ್ಕೆ ಬರಬೇಕು. 1894ರಲ್ಲಿ ಕಟ್ಟಿದ ಹೆಸರಘಟ್ಟ ಕೆರೆ ಬೆಂಗಳೂರಿಗೆ ಕುಡಿಯುವ ನೀರು ಕೊಟ್ಟಿತ್ತು. ಮೇಲಿನ ಕೆರೆ ಕೋಡಿ ಬಿದ್ದರೆ ಕೆಳಗಿನ ಕೆರೆಗೆ ನೀರು, ನಡುವೆ ಕಾಲುವೆ. ರಸ್ತೆಯನ್ನು ಎತ್ತರಿಸುವಾಗ ಸಾಕಷ್ಟು ಮೋರಿಗಳನ್ನು ಬಿಡದಿದ್ದರೆ ಆ ರಸ್ತೆಯೇ ಅಡ್ಡಗಟ್ಟೆ! ಒಂದು ಬದಿಯ ಹೊಲದಲ್ಲಿ ನೀರು ನಿಲ್ಲುತ್ತದೆ, ಇನ್ನೊಂದು ಬದಿಯ ಕೆರೆ ಒಣಗುತ್ತದೆ.

ಮಗ್ಗದ ಸದ್ದಿನ ದೊಡ್ಡಬಳ್ಳಾಪುರ ಕಳೆಯುತ್ತಲೇ ನೋಟ ಬದಲಾಗುತ್ತದೆ. ಬಂಡೆ, ಕುರುಚಲು ಕಾಡು, ಮಾಕಳಿದುರ್ಗದ ಕೋಟೆ. ಒಂದು ಕವಲು ಘಾಟಿ ಸುಬ್ರಹ್ಮಣ್ಯಕ್ಕೆ. ಅಲ್ಲಿ ಒಂದೇ ಕಲ್ಲಿನಲ್ಲಿ ಪೂರ್ವಕ್ಕೆ ಸುಬ್ರಹ್ಮಣ್ಯ, ಪಶ್ಚಿಮಕ್ಕೆ ನರಸಿಂಹ. ಹಿಂಬದಿಯ ನರಸಿಂಹನ ದರ್ಶನ ಕನ್ನಡಿಯಲ್ಲಿ. ಚಳಿಗಾಲದ ಇಲ್ಲಿನ ದನಗಳ ಜಾತ್ರೆಗೆ ದೂರದೂರದ ರೈತರು ಬರುತ್ತಾರೆ.

ಮುಂದೆ ಗೌರಿಬಿದನೂರು. ಈ ತಾಲ್ಲೂಕಿನ ಹೊಸೂರಿನ ಬಡ ಹುಡುಗನೊಬ್ಬ 1935ರಲ್ಲಿ ಬಸ್ಸಿಗೆ ಕಾಸಿಲ್ಲದೆ, ಓದಬೇಕೆಂಬ ಹಟದಿಂದ ಬೆಂಗಳೂರಿಗೆ ನಡೆದೇ ಬಂದ. ಮುಂದೆ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾದ ಡಾ. ಎಚ್. ನರಸಿಂಹಯ್ಯ ಅವರೇ ಆ ಹುಡುಗ. ಅವರ ಆತ್ಮಕಥೆಯ ಹೆಸರು 'ಹೋರಾಟದ ಹಾದಿ'. ಹಿಂದೂಪುರಕ್ಕೆ ಹೋಗುವ ದಾರಿಯಲ್ಲೇ ವಿದುರಾಶ್ವತ್ಥ. 1938ರ ಏಪ್ರಿಲ್ 25ರಂದು ಧ್ವಜ ಸತ್ಯಾಗ್ರಹಕ್ಕೆ ಸೇರಿದ್ದ ಜನರ ಮೇಲೆ ಪೊಲೀಸರು ಗುಂಡು ಹಾರಿಸಿದ ನೆಲ ಅದು.

ಇಂಥ ರಸ್ತೆಗಳು ಅಗಲವಾಗುವುದು ಬೇಡವೇ? ರೋಗಿಯನ್ನು ಆಸ್ಪತ್ರೆಗೆ ಸಾಗಿಸುವವರಿಗೆ, ತರಕಾರಿ ಬೆಳೆದವರಿಗೆ, ಕಾಲೇಜಿಗೆ ಬರುವ ಮಕ್ಕಳಿಗೆ ಒಳ್ಳೆಯ ರಸ್ತೆ ಬೇಕೇ ಬೇಕು. ಪ್ರಶ್ನೆ ಇರುವುದು ಬೇಕೋ ಬೇಡವೋ ಎಂಬುದರಲ್ಲಲ್ಲ, ಹೇಗೆ ಎಂಬುದರಲ್ಲಿ. ಬಾಗೇಪಲ್ಲಿ–ಹಲಗೂರು ರಸ್ತೆ ವಿಸ್ತರಣೆಯಲ್ಲಿ ಹುಲಿಕಲ್–ಕುದೂರು ನಡುವಣ ಆಲದ ಮರಗಳಿಗೆ ಕುತ್ತು ಬಂದಾಗ, 2019ರಲ್ಲಿ ಸಾಲುಮರದ ತಿಮ್ಮಕ್ಕ ಮುಖ್ಯಮಂತ್ರಿಯವರಿಗೇ ಮೊರೆಯಿಟ್ಟರು. ಮರಗಳನ್ನು ಉಳಿಸುವ ಭರವಸೆ ಪಡೆದರು. ಬಂಡೀಪುರದಲ್ಲಿ 2009ರಿಂದ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ವಾಹನ ಸಂಚಾರಕ್ಕೆ ತಡೆಯಿದೆ. ಮನಸ್ಸಿದ್ದರೆ ಮಾರ್ಗವಿದೆ ಎನ್ನಲು ಇವು ಸಾಕಲ್ಲವೇ?

ಕಾನೂನೂ ಇದೆ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯ ಪ್ರಕಾರ, 50ಕ್ಕಿಂತ ಹೆಚ್ಚು ಮರ ಕಡಿಯುವ ಸಾರ್ವಜನಿಕ ಕಾಮಗಾರಿಗೆ ಮೊದಲು ಜನರ ಆಕ್ಷೇಪಣೆ ಕೇಳಬೇಕು. ಆದರೆ ಆಕ್ಷೇಪಿಸುವವರಿಗೆ ಅಲ್ಲಿರುವ ಮರ ಯಾವುದೆಂದು ಗೊತ್ತಿರಬೇಕಲ್ಲ!

ವಿದ್ಯಾರ್ಥಿಗಳೇ, ಮುಂದಿನ ರಜೆಯಲ್ಲಿ ಅಪ್ಪ ಅಮ್ಮನ ಜೊತೆ ನಿಮ್ಮೂರ ರಸ್ತೆಯ ಒಂದೇ ಒಂದು ಕಿಲೋಮೀಟರ್ ನಡೆಯಿರಿ. ಆಲ, ಹಿಪ್ಪೆ, ಹೊಂಗೆ, ಬೇವು ಎಷ್ಟೆಷ್ಟಿವೆ, ಮೋರಿಗಳು ಎಲ್ಲಿವೆ, ಆ ನೀರು ಯಾವ ಕೆರೆಗೆ ಹೋಗುತ್ತದೆ ಎಂದು ಬರೆದಿಡಿ. ಅಳತೆ ಪಟ್ಟಿ ಹಿಡಿದವರು ಬಂದ ದಿನ ಆ ಪುಸ್ತಕ ನಿಮ್ಮೂರಿನ ಕೈಯಲ್ಲಿರಲಿ.