ಹೆಸರು ಹೇಳದವರ ಚಂದಾ, ಊರಿಗೆಲ್ಲ ಸೇರಿದ ಚಿತ್ರ

ಚಂದಾ ಎತ್ತುವುದು ನಮಗೆ ಹೊಸತಲ್ಲ. ಮದರಸ ಕಟ್ಟಡಕ್ಕೆ, ರೋಗಿಯ ಆಸ್ಪತ್ರೆ ಖರ್ಚಿಗೆ ಎತ್ತುತ್ತೇವೆ. ಆದರೆ ಒಂದು ಹಳೆ ಚಿತ್ರ ಉಳಿಸಲು ಯಾರಾದರೂ ಚಂದಾ ಎತ್ತುತ್ತಾರಾ? ಬ್ರಿಟನ್‌ನಲ್ಲಿ 1903ರಿಂದಲೂ ಎತ್ತುತ್ತಿದ್ದಾರೆ.

ಅಲ್ಲಿನ ದೊಡ್ಡ ಮನೆತನಗಳು ಆಗ ತಮ್ಮ ಚಿತ್ರಗಳನ್ನು ಮಾರಲು ಶುರು ಮಾಡಿದ್ದವು. ಅಮೆರಿಕದ ಶ್ರೀಮಂತರು ಕೇಳಿದ ಬೆಲೆ ಕೊಡುತ್ತಿದ್ದರು, ಸರಕಾರಿ ಮ್ಯೂಸಿಯಂಗಳ ಕೈಯಲ್ಲಿ ಅಷ್ಟು ದುಡ್ಡಿರಲಿಲ್ಲ. ಕಲಾವಿದೆ ಕ್ರಿಸ್ಟಿಯಾನಾ ಹೆರಿಂಗ್‌ಹ್ಯಾಮ್ ಮತ್ತು ಗೆಳೆಯರು ಸೇರಿ ನ್ಯಾಷನಲ್ ಆರ್ಟ್ ಕಲೆಕ್ಷನ್ಸ್ ಫಂಡ್ ಕಟ್ಟಿದರು. ಈಗ ಅದರ ಹೆಸರು ಆರ್ಟ್ ಫಂಡ್.

ಲೆಕ್ಕ ಸರಳ. ಸದಸ್ಯರು ಚಂದಾ ಕೊಡುತ್ತಾರೆ. ಮ್ಯೂಸಿಯಂ ಅರ್ಜಿ ಹಾಕುತ್ತದೆ. ಫಂಡ್ ಹಣ ಸೇರಿಸುತ್ತದೆ, ಕೆಲವೊಮ್ಮೆ ಬೆಲೆಯ ಒಂದು ಪಾಲು ಮಾತ್ರ. ಚಿತ್ರ ಮ್ಯೂಸಿಯಂನದ್ದಾಗುತ್ತದೆ, ಫಂಡ್ ತನ್ನ ಬಳಿ ಏನೂ ಇಟ್ಟುಕೊಳ್ಳುವುದಿಲ್ಲ.

1909ರ ಕಥೆ ಕೇಳಿ. ಹೋಲ್ಬೈನ್ 1538ರಲ್ಲಿ ಬರೆದ ಡೆನ್ಮಾರ್ಕಿನ ಕ್ರಿಸ್ಟೀನಾಳ ಚಿತ್ರ ಎಷ್ಟೋ ವರ್ಷದಿಂದ ಲಂಡನ್ನಿನ ನ್ಯಾಷನಲ್ ಗ್ಯಾಲರಿಯಲ್ಲೇ ಇತ್ತು. ಜನ ಅದು ತಮ್ಮದೇ ಅಂದುಕೊಂಡಿದ್ದರು. ಆದರೆ ಅದು ನಾರ್ಫೋಕ್ ಡ್ಯೂಕರ ಸ್ವತ್ತು, ನೋಡಲಿಕ್ಕೆಂದು ಇಟ್ಟದ್ದಷ್ಟೇ. ಡ್ಯೂಕರು ಅದನ್ನು 61,000 ಪೌಂಡಿಗೆ ವ್ಯಾಪಾರಿಗೆ ಮಾರಿದರು. ವ್ಯಾಪಾರಿ ದೇಶಕ್ಕೆ ಹೇಳಿದ ಬೆಲೆ 72,000. ಅಂದರೆ 11,000 ಲಾಭ! ಕೊನೆಗಳಿಗೆಯವರೆಗೂ ಹಣ ಸಾಲಲಿಲ್ಲ. ಆಗ ಹೆಸರು ಹೇಳದ ಒಬ್ಬರು 40,000 ಪೌಂಡ್ ಕೊಟ್ಟರು. ಚಿತ್ರ ಉಳಿಯಿತು.

ಚಂದಾ ಹಣ ವ್ಯಾಪಾರಿಯ ಲಾಭಕ್ಕೆ ಹೋಯಿತಲ್ಲ ಅಂತ ಕೇಳಬಹುದು. ಹೌದು, ಹೋಯಿತು. ವ್ಯಾಪಾರಿಯಾಗಿ ನಾನು ಅವನನ್ನು ದೂರುವುದಿಲ್ಲ. ತಡ ಮಾಡಿದವನು ಹೆಚ್ಚು ಕೊಡಲೇಬೇಕು. ನಮ್ಮದಲ್ಲದ್ದನ್ನು ನಮ್ಮದೆಂದು ನಂಬಿ ಸುಮ್ಮನಿದ್ದುದರ ಬೆಲೆ ಅದು.

ಇದೇ ಹೆರಿಂಗ್‌ಹ್ಯಾಮ್ 1910ರ ಸುಮಾರಿಗೆ ಅಜಂತಾಕ್ಕೆ ಬಂದು ಮಾಸುತ್ತಿದ್ದ ಗುಹಾಚಿತ್ರಗಳ ಪ್ರತಿ ತೆಗೆದರು. ನಂದಲಾಲ್ ಬೋಸ್ ಜೊತೆಗೆ ಹೈದರಾಬಾದಿನ ಸೈಯದ್ ಅಹ್ಮದ್, ಮುಹಮ್ಮದ್ ಫಜಲುದ್ದೀನ್ ಕೂಡ ಅವರಿಗೆ ಕೈಜೋಡಿಸಿದರು. 1915ರಲ್ಲಿ ಆ ಪ್ರತಿಗಳು ಪುಸ್ತಕವಾದವು.

ನಮ್ಮಲ್ಲಿ ಹಳೆ ಮನೆ ಕೆಡವುವಾಗ ಕೆತ್ತನೆಯ ಬಾಗಿಲು, ಅಜ್ಜನ ಲೆಕ್ಕದ ಪುಸ್ತಕ ಗುಜರಿಗೆ ಹೋಗುತ್ತವೆ. ಗುಜರಿಯವ ತೂಕ ಹಾಕುವ ಮೊದಲೇ ಕೇಳಿದರೆ ಬಹುಶಃ ಚಂದಾ ಕೂಡ ಬೇಕಾಗಲಿಕ್ಕಿಲ್ಲ.